ಹಾಡು ಮುಗಿದ ಖುಷಿಯಲ್ಲಿ ಸಹಿ ಹಾಕಬೇಡಿ

ಹೊಸ ಹಾಡು ಮುಗಿಸಿ ಕೂತಿರುವವರು ದಯವಿಟ್ಟು ಇದನ್ನೊಮ್ಮೆ ಓದಿ.

ಎರಡು ವರ್ಷದ ಹಿಂದೆ ನನ್ನ ಮೊದಲ ಸ್ವಂತ ಹಾಡು ತಯಾರಾಯಿತು. ಸಾಹಿತ್ಯ ಗೆಳೆಯನದು. ರಾಗ ನನ್ನದು, ಹಾಡಿದ್ದೂ ನಾನೇ. ಸ್ಟುಡಿಯೋ, ಮಿಕ್ಸಿಂಗ್, ಮಾಸ್ಟರಿಂಗ್ ಎಲ್ಲದಕ್ಕೂ ಇಬ್ಬರೂ ಕೈಯಿಂದ ಹಾಕಿದ್ದೆವು. ಒಂದು ಸಣ್ಣ ಆಡಿಯೋ ಕಂಪನಿಯವರು ಫೋನ್ ಮಾಡಿ, "ನಮ್ಮ ಚಾನೆಲ್‌ನಲ್ಲಿ ಬಿಡುತ್ತೇವೆ, ನೀವು ಏನೂ ಕೊಡಬೇಡಿ" ಎಂದರು. ನಾಲ್ಕು ಪುಟದ ಇಂಗ್ಲಿಷ್ ಕರಾರು ಬಂತು. ಓದದೆ ಸಹಿ ಹಾಕಿ ಕಳಿಸಿದೆ.

ಆರು ತಿಂಗಳಾದ ಮೇಲೆ ಅದೇ ಹಾಡನ್ನು ಗಿಟಾರ್ ಹಿಡಿದು ಹಾಡಿ ನನ್ನ ಚಾನೆಲ್‌ಗೆ ಹಾಕಿದೆ. ಯೂಟ್ಯೂಬ್‌ನಿಂದ ಹಾಡಿನ ಹಕ್ಕು ಆ ಕಂಪನಿಯದು ಎಂಬ ಕಾಪಿರೈಟ್ ಕ್ಲೇಮ್ ಬಂತು. ನನ್ನದೇ ರಾಗಕ್ಕೆ! ಆಗ ಕರಾರು ತೆಗೆದು ಓದಿದೆ. ರೆಕಾರ್ಡಿಂಗ್ ಮಾತ್ರ ಅಲ್ಲ, ರಾಗ, ಸಾಹಿತ್ಯ ಎಲ್ಲ ಹಕ್ಕೂ ಶಾಶ್ವತವಾಗಿ, ಇಡೀ ಜಗತ್ತಿಗೆ ಅವರದು ಅಂತಿತ್ತು. ಅದಕ್ಕಿಂತ ಕೆಟ್ಟದ್ದು, ಸಾಹಿತ್ಯವೂ ನನ್ನದೇ ಎಂದು ನಾನೇ ಒಪ್ಪಿಕೊಂಡ ಹಾಗಾಗಿತ್ತು. "ನನ್ನ ಸಾಲು ಬರೆದುಕೊಡೋಕೆ ನೀನ್ಯಾರು?" ಎಂದು ಗೆಳೆಯ ಕೇಳಿದ. ಉತ್ತರ ಇರಲಿಲ್ಲ.

ಆಮೇಲೆ ವಕೀಲರ ಹತ್ತಿರ ಕೂತು ತಿಳಿದುಕೊಂಡೆ. ನಮ್ಮ ದೇಶದ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಇರಬೇಕು. ಅದರಲ್ಲಿ ಅವಧಿ ಹೇಳದಿದ್ದರೆ 5 ವರ್ಷ, ಜಾಗ ಹೇಳದಿದ್ದರೆ ಭಾರತ ಮಾತ್ರ. ಅಂದರೆ ಶಾಶ್ವತ, ಇಡೀ ಜಗತ್ತು ಎಂಬ ಆ ಎರಡು ಮಾತು ಹೊಡೆದು ಹಾಕಿ ಎಂದು ಕೇಳಿದ್ದರೂ ಎಷ್ಟೋ ಉಳಿಯುತ್ತಿತ್ತು, ಅಲ್ವಾ? ಸಮಾಧಾನದ ಸಂಗತಿಯೂ ಒಂದಿದೆ. 2012ರ ತಿದ್ದುಪಡಿಯ ನಂತರ ಇಂಥ ಹಾಡುಗಳಲ್ಲಿ ಸಾಹಿತ್ಯ ಬರೆದವರ, ಸಂಗೀತ ಮಾಡಿದವರ ರಾಯಲ್ಟಿ, ಅಂದರೆ ಹಾಡು ಬಳಸಿದಾಗ ಬರುವ ಹಣದ ಪಾಲು, ಕರಾರಿನಿಂದ ಹೋಗುವುದಿಲ್ಲ. ಅದಕ್ಕೇ ಇಬ್ಬರೂ ಈ ಹಣ ವಸೂಲಿ ಮಾಡಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯರಾಗಲು ಅರ್ಜಿ ಹಾಕಿದೆವು.

ನಿಮ್ಮ ಹಾಡು ಮುಗಿದ ದಿನವೇ ಯಾರ ಪಾಲು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ತಬಲಾ, ಕೊಳಲು ನುಡಿಸಿದವರಿಗೆ ಏನು ಮಾತಾಗಿದೆ ಅನ್ನುವುದನ್ನೂ ಬರೆಯಿರಿ. ವೇವ್ ಫೈಲ್, ಬಿಡಿ ಟ್ರ್ಯಾಕ್‌ಗಳನ್ನು ಸ್ಟುಡಿಯೋದಿಂದ ಅವತ್ತೇ ತಂದಿಟ್ಟುಕೊಳ್ಳಿ. ಕಂಪನಿ ಇಲ್ಲದೆಯೂ ಡಿಸ್ಟ್ರಿಬ್ಯೂಟರ್ ಮೂಲಕ ಹಾಡನ್ನು ಸ್ಪಾಟಿಫೈ, ಆಪಲ್ ಮ್ಯೂಸಿಕ್‌ಗೆ ಕಳಿಸಬಹುದು. ಐಎಸ್‌ಆರ್‌ಸಿ ಕೋಡನ್ನೂ (ಪ್ರತಿ ರೆಕಾರ್ಡಿಂಗ್ ಗುರುತಿಸಲು ಕೊಡುವ ಕೋಡ್) ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಆದರೆ ಅವರ ಕರಾರನ್ನೂ ಓದಿ.

ನಮ್ಮ ಹಾಡು ಈಗಲೂ ಆ ಕಂಪನಿಯ ಚಾನೆಲ್‌ನಲ್ಲಿದೆ. ಕೆಳಗೆ ಗೆಳೆಯನ ಹೆಸರಿಲ್ಲ. ಸೇರಿಸಿ ಎಂದು ಮೂರು ಸಲ ಬರೆದಿದ್ದೇನೆ, ನಾಳೆ ಮತ್ತೆ ಬರೆಯುತ್ತೇನೆ.