ಆರತಕ್ಷತೆಯ ಮಂದ ಬೆಳಕಿಗೆ ಯಾವುದು: ಕಿಟ್ ಲೆನ್ಸೋ, ಪ್ರೈಮ್ ಲೆನ್ಸೋ, ಫ್ಲ್ಯಾಶೋ?

ಆರತಕ್ಷತೆಯ ಸಂಜೆ ಕಲ್ಯಾಣ ಮಂಟಪದ ಒಂದೇ ಸೂರಿನಡಿ ಎರಡು ಬಗೆಯ ಬೆಳಕಿರುತ್ತದೆ. ವೇದಿಕೆಯ ಮೇಲೆ ವಿಡಿಯೋದವರ ದೀಪಗಳು ವಧೂವರರ ಮುಖಕ್ಕೆ ನೇರವಾಗಿ ಬೀಳುತ್ತಿದ್ದರೆ, ಕೆಲವೇ ಹೆಜ್ಜೆ ಈಚೆ ಕುರ್ಚಿಗಳಲ್ಲಿ ಕುಳಿತ ಹಿರಿಯರಿಗೂ ಓಡಾಡುವ ಮಕ್ಕಳಿಗೂ ಅಲಂಕಾರದ ದೀಪಗಳ ಅಳಿದುಳಿದ ಬೆಳಕೇ ಗತಿ. ಹೊಸದಾಗಿ ಕ್ಯಾಮೆರಾ ಹಿಡಿದವರು ಯಾವ ಸಾಧನವನ್ನು ನೆಚ್ಚಬೇಕು ಎಂಬುದು, ಈ ಎರಡರಲ್ಲಿ ಯಾವ ಕಡೆ ಅವರು ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂಬುದನ್ನು ಅವಲಂಬಿಸಿದೆ. ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರ್‌ನ ಕ್ಯಾಮೆರಾದಲ್ಲಿ, ಅದರ ಜೊತೆಗೇ ಬರುವ 18–55 ಎಂಎಂ ಜೂಮ್ ಆದ ಕಿಟ್ ಲೆನ್ಸ್, ಜೂಮ್ ಇಲ್ಲದ ಎಫ್/1.8ರ ಪ್ರೈಮ್ ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು), ಹಾಗೂ ಕಿಟ್ ಲೆನ್ಸ್‌ನೊಡನೆ ತಲೆ ತಿರುಗಿಸಬಹುದಾದ ಹೊರ ಫ್ಲ್ಯಾಶ್, ಈ ಮೂರನ್ನೂ ಬಂಧುಗಳ ಆರತಕ್ಷತೆಗಳಲ್ಲಿ ಬಳಸಿ ನೋಡಿದ ಮೇಲೆ ನಾನು ತಲುಪಿದ ಅಭಿಪ್ರಾಯ ಇದು.

ಕಿಟ್ ಲೆನ್ಸ್ ವಿಶಾಲ ನೋಟದ 18 ಎಂಎಂನಲ್ಲಿ ಎಫ್/3.5ರವರೆಗೆ ತೆರೆದುಕೊಳ್ಳುವುದರಿಂದ ಹೂವಿನ ಅಲಂಕಾರವೂ ಸೇರಿದಂತೆ ಇಡೀ ವೇದಿಕೆಯನ್ನು ತೃಪ್ತಿಕರವಾಗಿ ಹಿಡಿಯುತ್ತದೆ. ತೊಂದರೆ ಇರುವುದು ದೂರದವರನ್ನು ಹತ್ತಿರಕ್ಕೆ ತರುವ 55 ಎಂಎಂನಲ್ಲಿ. ಅಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲವಾದ್ದರಿಂದ, ಸಭಿಕರ ಕಡೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400 ಇಟ್ಟರೂ ಶಟರ್ ವೇಗ, ಅಂದರೆ ಬೆಳಕನ್ನು ಒಳಬಿಡುವ ಅವಧಿ, 1/60 ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ನಗುತ್ತಾ ತಲೆ ತಿರುಗಿಸುವವರು, ಕೈಕುಲುಕುವವರು ಮಸುಕಾಗುತ್ತಾರೆ. ಲೆನ್ಸ್‌ನಲ್ಲಿರುವ ಸ್ಥಿರೀಕರಣವು ನಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಎದುರಿಗಿರುವವರ ಚಲನೆಯನ್ನಲ್ಲ.

ಅದೇ ಬೆಳಕಿನಲ್ಲಿ ಎಫ್/1.8ರ ಪ್ರೈಮ್ ಲೆನ್ಸ್ ಎಫ್/5.6ಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಹೀಗಾಗಿ ಶಟರನ್ನು 1/200ಕ್ಕೆ ಏರಿಸಿಯೂ ಐಎಸ್‌ಒವನ್ನು 2000ದ ಸಮೀಪಕ್ಕೆ ಇಳಿಸಬಹುದು. ರೇಷ್ಮೆ ಸೀರೆಯ ಜರಿ, ಮುಡಿದ ಮಲ್ಲಿಗೆಯ ಎಸಳು ಹೆಚ್ಚಿನ ಐಎಸ್‌ಒದಿಂದ ಚಿತ್ರದಲ್ಲಿ ಮೂಡುವ ಕಾಳಿನಲ್ಲಿ ಕರಗಿಹೋಗದೆ ಉಳಿಯುತ್ತವೆ. ಯಾರಿಗೂ ಫೋಟೋ ತೆಗೆಯುತ್ತಿರುವುದು ಗೊತ್ತಾಗದಂತೆ ಸಹಜ ಭಾವವನ್ನು ಹಿಡಿಯುವುದರಲ್ಲಿ ಉಳಿದೆರಡೂ ಇದಕ್ಕೆ ಸಾಟಿಯಲ್ಲ. ಆದರೆ ಎರಡು ಮಿತಿಗಳನ್ನು ಅರಿತಿರಬೇಕು. 50 ಎಂಎಂ ಲೆನ್ಸ್‌ನಲ್ಲಿ ಎರಡು ಮೀಟರ್ ದೂರದವರನ್ನು ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ 11–12 ಸೆಂಟಿಮೀಟರ್ ಮಾತ್ರ, ಅಂದರೆ ಅಜ್ಜಿಯ ಕಣ್ಣು ಸ್ಪಷ್ಟವಾದರೆ ಹೆಗಲಿಗೆ ಒರಗಿದ ಮೊಮ್ಮಗಳು ಮಸುಕಾಗಬಹುದು. ಇನ್ನೊಂದು, ಚಿಕ್ಕ ಸೆನ್ಸರ್‌ನಲ್ಲಿ 50 ಎಂಎಂ ಲೆನ್ಸ್, ಪೂರ್ಣ ಅಳತೆಯ (ಫುಲ್ ಫ್ರೇಮ್) ಸೆನ್ಸರ್‌ನಲ್ಲಿ ಸುಮಾರು 75ರಿಂದ 80 ಎಂಎಂ ಲೆನ್ಸ್ ಕೊಡುವಷ್ಟು ಕಿರಿದಾದ ನೋಟವನ್ನು ಕೊಡುವುದರಿಂದ, ಕುರ್ಚಿಗಳ ನಡುವೆ ಹಿಂದೆ ಸರಿಯಲು ಜಾಗವೇ ಸಿಗುವುದಿಲ್ಲ. ಆದ್ದರಿಂದ ಮಂಟಪದೊಳಗಿನ ಬಳಕೆಗೆ, ಬೆಲೆ ತುಸು ಹೆಚ್ಚಾದರೂ, 35 ಎಂಎಂ ಲೆನ್ಸೇ ಮೇಲು ಎಂದು ನಾನು ದೃಢವಾಗಿ ಹೇಳುತ್ತೇನೆ.

ಪ್ರೈಮ್ ಲೆನ್ಸ್ ಬಳಸುವವರು ಶಟರ್ ವೇಗದ ಬಗ್ಗೆಯೂ ಎಚ್ಚರ ವಹಿಸಬೇಕು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅನೇಕ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಚಿತ್ರದಲ್ಲಿ ಕಪ್ಪು ಪಟ್ಟೆಗಳು ಕಂಡರೆ 1/200ರಿಂದ 1/100ಕ್ಕೆ ಇಳಿಯುವುದೇ ಪರಿಹಾರ. ಬಣ್ಣ ಬದಲಿಸುವ ವೇದಿಕೆಯ ದೀಪಗಳು ಬೇರೆಯೇ ವೇಗದಲ್ಲಿ ಮಿನುಗಬಹುದು, ಅವುಗಳಿಗೆ ಈ ಲೆಕ್ಕ ಸಾಲದು.

ಫ್ಲ್ಯಾಶ್‌ನ ಗುಣವನ್ನು ತೀರ್ಮಾನಿಸುವುದು ಮಂಟಪದ ಛಾವಣಿ. ಹತ್ತು ಹನ್ನೆರಡು ಅಡಿ ಎತ್ತರದ ಬಿಳಿ ಛಾವಣಿ ಇದ್ದು ಫ್ಲ್ಯಾಶ್‌ನ ತಲೆಯನ್ನು ಮೇಲಕ್ಕೂ ಸ್ವಲ್ಪ ಹಿಂದಕ್ಕೂ ತಿರುಗಿಸಿದರೆ, ಹಗಲಿನ ಕಿಟಕಿಯಿಂದ ಬಂದಂತಹ ಮೃದುವಾದ ಬೆಳಕು ಇಡೀ ಗುಂಪಿನ ಮೇಲೆ ಹರಡುತ್ತದೆ, ಮತ್ತು ಕಿಟ್ ಲೆನ್ಸ್ ಎಫ್/5.6ರಲ್ಲಿಯೇ ಎರಡು ಸಾಲು ಬಂಧುಗಳನ್ನು ಸ್ಪಷ್ಟವಾಗಿ ಹಿಡಿಯುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುವ ಕಾರಣ, ಇಪ್ಪತ್ತು ಅಡಿಯ ಛಾವಣಿಯಾದರೆ ಫ್ಲ್ಯಾಶ್ ಪ್ರತಿ ಸಲವೂ ಪೂರ್ಣ ಶಕ್ತಿಯಲ್ಲಿ ಉರಿಯಬೇಕಾಗಿ, ಮತ್ತೆ ಸಿದ್ಧವಾಗುವಷ್ಟರಲ್ಲಿ ಅಕ್ಷತೆ ಹಾಕಿದವರು ಕೆಳಗಿಳಿದಿರುತ್ತಾರೆ. ಬಣ್ಣದ ಬಟ್ಟೆಯ ಶಾಮಿಯಾನದಡಿ ಅದರ ಬಣ್ಣವೇ ಎಲ್ಲರ ಮುಖಕ್ಕೂ ಇಳಿಯುವುದರಿಂದ ಅಲ್ಲಿ ಈ ವಿಧಾನವನ್ನು ಬಿಟ್ಟುಬಿಡುವುದೇ ಲೇಸು. ಫ್ಲ್ಯಾಶ್ ಬಳಸುವಾಗ ಐಎಸ್‌ಒ 100ಕ್ಕೆ ಇಳಿಸಿದರೆ ಹಿನ್ನೆಲೆ ಕಗ್ಗತ್ತಲಾಗಿ ಹಬ್ಬದ ಕಳೆಯೇ ಹೊರಟುಹೋಗುತ್ತದೆ. 1/60 ಸೆಕೆಂಡು ಮತ್ತು ಐಎಸ್‌ಒ 1600ರಲ್ಲಿ ಸರದ ದೀಪಗಳ ಹೊಳಪೂ ಚಿತ್ರದಲ್ಲಿ ಉಳಿಯುತ್ತದೆ.

ನೇರಳೆ, ನೀಲಿ ದೀಪಗಳು ಮುಖದ ಮೇಲೆ ಬೀಳುವ ವೇದಿಕೆಯಲ್ಲಿ ಮಾತ್ರ ಫ್ಲ್ಯಾಶ್‌ಗೆ ಪರ್ಯಾಯವಿಲ್ಲ. ಪ್ರೈಮ್ ಲೆನ್ಸ್ ಆ ನೇರಳೆಯನ್ನೇ ಇನ್ನಷ್ಟು ತುಂಬಿಕೊಳ್ಳುತ್ತದೆ, ಸಂಸ್ಕರಿಸದ ರಾ ಕಡತವಾಗಿ ಉಳಿಸಿಕೊಂಡರೂ ಚರ್ಮದ ನಿಜವಾದ ಬಣ್ಣವನ್ನು ಪೂರ್ತಿಯಾಗಿ ಮರಳಿ ತರಲಾಗುವುದಿಲ್ಲ.

ಮನೆಯವರು ಗುಂಪು ಫೋಟೋಗಳ ಹೊಣೆಯನ್ನೇ ನಿಮಗೆ ಒಪ್ಪಿಸಿದ್ದರೆ ಮೊದಲು ಫ್ಲ್ಯಾಶ್ ಕೊಳ್ಳಿರಿ, ಜೊತೆಗೆ ಮರುಚಾರ್ಜ್ ಮಾಡುವ ಸೆಲ್‌ಗಳ ಇನ್ನೊಂದು ಜೊತೆಯನ್ನೂ ಇಟ್ಟುಕೊಳ್ಳಿರಿ. ವೇದಿಕೆಗೆ ಬೇರೆ ಛಾಯಾಗ್ರಾಹಕರಿದ್ದರೆ ಅವರ ಪಕ್ಕದಲ್ಲಿ ನಿಂತು ಫ್ಲ್ಯಾಶ್ ಹಾಯಿಸುವುದು ಅವರ ಕೆಲಸಕ್ಕೆ ಅಡ್ಡಿ. ಆಗ 35ರ ಲೆನ್ಸ್ ಹಿಡಿದು ಕುರ್ಚಿಗಳ ಕಡೆ, ವಾದ್ಯದವರ ಕಡೆ, ಊಟದ ಹಾಲಿನ ಕಡೆ ನಡೆಯಿರಿ. ಊಟದ ಹಾಲಿನಲ್ಲಿ ಬೆಳಕು ಸಾಮಾನ್ಯವಾಗಿ ಬಿಳಿಯಾಗಿಯೂ ಸಮನಾಗಿಯೂ ಇರುವುದರಿಂದ ಎಫ್/2.8, 1/100 ಸೆಕೆಂಡು ಸಾಕಾಗುತ್ತದೆ. ಎಲೆಯ ಮುಂದೆ ಕುಳಿತವರ ಕಣ್ಣಿಗೆ ಫ್ಲ್ಯಾಶ್ ಹೊಡೆಯುವ ಅಗತ್ಯ ಅಲ್ಲಿ ಬರುವುದಿಲ್ಲ.