ಕೈಯಲ್ಲಿ ಹೊಲಿದ ಚಾಪ್ಸ್ ಅಂತ ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಹ್ಯೂಸ್ಟನ್ ಕಡೆ ಮಕ್ಕಳನ್ನು ಕುದುರೆ ಸವಾರಿಗೆ, ಅದರಲ್ಲೂ ಕೌಬಾಯ್ ಶೈಲಿಯ ವೆಸ್ಟರ್ನ್ ರೈಡಿಂಗ್‌ಗೆ ಕಳಿಸುವ ಕನ್ನಡದವರು ದಯವಿಟ್ಟು ಓದಿ. ಮಾರ್ಚ್‌ನಲ್ಲಿ ರೋಡಿಯೋ, ಅಂದರೆ ಕೌಬಾಯ್ ಸ್ಪರ್ಧೆಗಳ ಜಾತ್ರೆ, ಬಂತೆಂದರೆ ಎಲ್ಲರಿಗೂ ಫ್ರಿಂಜ್ ಬಿಟ್ಟ ಚಾಪ್ಸ್ (ಸವಾರರು ಪ್ಯಾಂಟ್ ಮೇಲೆ ಹಾಕುವ ಚರ್ಮದ ಕಾಲುಹೊದಿಕೆ) ಬೇಕು. ಆ ಗಡಿಬಿಡಿಗೇ ಕಾಯುತ್ತಾ ಕೂತವರಿದ್ದಾರೆ. ನನಗೆ 600 ಡಾಲರ್ ನಾಮ ಹಾಕಿದವನೂ ಅಂಥವನೇ.

ಮಗಳಿಗೆ ಶಾಟ್‌ಗನ್ ಚಾಪ್ಸ್ ಬೇಕಿತ್ತು. ಸೊಂಟದಿಂದ ಪಾದದವರೆಗೆ ಜೀನ್ಸ್ ಮೇಲೆ ಬಿಗಿಯಾಗಿ ಕೂರುತ್ತಲ್ಲ, ಹೊರಬದಿಗೆ ಉದ್ದಕ್ಕೂ ಜಿಪ್, ಅದರ ಪಕ್ಕ ಚರ್ಮದ ಎಳೆಗಳು, ಅದು. ರೆಡಿಮೇಡ್ ತೊಡೆಗೆ ಸರಿಯಾದರೆ ಉದ್ದ ಸಾಲುತ್ತಿರಲಿಲ್ಲ. ಅದಕ್ಕೇ ಕೈಯಲ್ಲಿ ಮಾಡಿಕೊಡುವವನನ್ನು ಹಿಡಿದಿದ್ದು.

ಏನು ಮಾತು ಅಂತೀರಿ! "ಒಂದೊಂದು ಎಳೆಯನ್ನೂ ನಾನೇ ಕತ್ತರಿಸೋದು, ಮ್ಯಾಮ್. ಇಡೀ ತೊಗಲಿನಲ್ಲಿ ಒಳ್ಳೆ ಭಾಗ ಮಾತ್ರ ತಗೊಳ್ತೀನಿ." ಸೊಂಟ, ತೊಡೆ, ಮಂಡಿ, ಮೀನಖಂಡ, ಹಿಮ್ಮಡಿವರೆಗಿನ ಉದ್ದ, ಎಲ್ಲಾ ಅಳತೆ ಬರೆಸಿಕೊಂಡ. "ಸ್ಯಾಡಲ್ ಮೇಲೆ ಕೂತಾಗ ಮಂಡಿ ಮಡಚಿ ಚಾಪ್ಸ್ ಮೇಲಕ್ಕೆ ಏರುತ್ತೆ, ಅದಕ್ಕೆ ಉದ್ದ ಜಾಸ್ತಿ ಇಡ್ತೀನಿ" ಅಂದ. ಕೆಲಸ ಗೊತ್ತಿರುವವರು ಆಡುವ ಮಾತೇ ಅಲ್ವಾ ಇದು? ಅರ್ಧ ಮುಂಗಡ, ಅರ್ಧ ಕಳಿಸುವ ಮುಂಚೆ. ಕಾರ್ಡ್ ಆದರೆ ಚಾರ್ಜ್ ಬೀಳುತ್ತೆ, ಜೆಲ್‌ನಲ್ಲಿ (ಬ್ಯಾಂಕ್ ಖಾತೆಯಿಂದ ಖಾತೆಗೆ ನೇರ ದುಡ್ಡು ಕಳಿಸುವ ವ್ಯವಸ್ಥೆ) ಹಾಕಿ ಅಂದ. ಹಾಕಿದೆ.

ಆಮೇಲೆ ಶುರುವಾಯಿತು ನೆಪ. ತೊಗಲು ಬಂದಿಲ್ಲ. ಮಿಷಿನ್ ಕೆಟ್ಟಿದೆ. ಮುಂದಿನ ವಾರ. ಮತ್ತೆ ಮುಂದಿನ ವಾರ. ರೋಡಿಯೋ ಹತ್ತಿರ ಬಂದಾಗ ಸುಮ್ನೆ ಒಂದು ಡಬ್ಬಿ ಬಂತು.

ತೆರೆದರೆ ಪ್ಲಾಸ್ಟಿಕ್ ವಾಸನೆ. ಚಾಪ್ಸ್‌ಗೆ ಸಾಮಾನ್ಯವಾಗಿ 4-5 ಔನ್ಸ್ ಚರ್ಮ ಹಾಕುತ್ತಾರೆ, ಅಂದರೆ ಹೆಚ್ಚುಕಡಿಮೆ 2 ಮಿಲಿಮೀಟರ್ ದಪ್ಪ. ಇದು ಹಳೇ ಆಟೋ ಸೀಟಿನ ರೆಕ್ಸಿನ್ ಥರ. ಒಂದು ಎಳೆ ಹಿಡಿದು ಎಳೆದೆ, ಹರಿದೇ ಹೋಯಿತು. ಒಳಗೆ ಬಿಳಿ ಬಟ್ಟೆ! ಚರ್ಮದೊಳಗೆ ನೇಯ್ದ ಬಟ್ಟೆ ಎಲ್ಲಿಂದ ಬರುತ್ತೆ?

ಅದಕ್ಕಿಂತ ಹೊಟ್ಟೆ ಉರಿದದ್ದು ಸೊಂಟದ ಪಟ್ಟಿಯ ಒಳಗಡೆ. ಹೊಲಿಗೆಯಲ್ಲಿ ಕತ್ತರಿಸಿದ ಲೇಬಲ್‌ನ ತುಂಡು ಉಳಿದಿತ್ತು. ಅದರ ಮೇಲೆ 'ಎಂ' ಅಂತ ಅಕ್ಷರ. ಮೀಡಿಯಂ! ನನ್ನ ಮಗಳ ಮೀನಖಂಡದ ಅಳತೆವರೆಗೂ ಕೇಳಿ ಬರೆದುಕೊಂಡಿದ್ದನಲ್ಲ, ಮಾಡಿದ್ದೇನು? ಎಲ್ಲಿಂದಲೋ ಮೀಡಿಯಂ ತರಿಸಿ ಲೇಬಲ್ ಕತ್ತರಿಸಿದ್ದು. ಅದನ್ನೂ ಪೂರ್ತಿ ಕತ್ತರಿಸಿಲ್ಲ, ಮಹಾನುಭಾವ.

ಫೋಟೋ ತೆಗೆದು ಕಳಿಸಿದೆ. ಬಂದ ಉತ್ತರ: "ಎಂ ಅಂದರೆ ಸೈಜ್ ಅಲ್ಲ ಮ್ಯಾಮ್, ಮೇಕರ್. ಅದು ನನ್ನ ಗುರುತು." ಬಟ್ಟೆ ಯಾಕಿದೆ ಅಂದರೆ, "ಬಲಕ್ಕೆ." ಉದ್ದ ಯಾಕೆ ಕಮ್ಮಿ ಅಂದರೆ, "ನಿಮ್ಮ ಮಗಳು ಬೆಳೆದಿರಬೇಕು." ಓದಿ ಕೈ ನಡುಗಿತು ನನಗೆ.

ದುಡ್ಡು ಹೋಗಲಿ, ಇದನ್ನು ಮಾತ್ರ ಎಲ್ಲರೂ ನೋಡಿಕೊಳ್ಳಿ. ಮುಂದೆ ಸೊಂಟದ ಹತ್ತಿರ ಎರಡೂ ಕಾಲಿನ ಭಾಗ ಸೇರುವ ಕಡೆ ತೆಳ್ಳಗಿನ ಚರ್ಮದ ದಾರ ಇರಬೇಕು. ಕುದುರೆ ಎಗರಿದಾಗ ಸ್ಯಾಡಲ್ ಹಾರ್ನ್‌ಗೆ (ಜೀನಿನ ಮುಂದೆ ಎದ್ದು ನಿಂತಿರುವ ಗೂಟ) ಅದು ಸಿಕ್ಕಿಕೊಂಡರೆ ದಾರ ಹರಿದು ಸವಾರ ಬಿಡಿಸಿಕೊಳ್ಳಬೇಕು, ಅದಕ್ಕೇ ತೆಳ್ಳಗಿಡುವುದು. ಇದರಲ್ಲಿ ದಪ್ಪ ನೈಲಾನ್ ಪಟ್ಟಿ, ಎರಡೂ ಕಡೆ ರಿವೆಟ್. ಹರಿಯೋ ಮಾತೇ ಇಲ್ಲ. ರೈಡಿಂಗ್ ಟೀಚರ್ ನೋಡಿದವರೇ ಮಗಳನ್ನು ಕೆಳಗಿಳಿಸಿ ಬಿಚ್ಚಿಸಿದರು. ಬೇರೆ ಪೋಷಕರೆಲ್ಲ ಅಲ್ಲೇ ನಿಂತಿದ್ದರು. ಇದನ್ನೂ ಅವನಿಗೆ ಬರೆದೆ. "ಗಟ್ಟಿ ಇದ್ದರೆ ಒಳ್ಳೆಯದಲ್ವಾ ಮ್ಯಾಮ್?" ಇವನು ಚಾಪ್ಸ್ ಮಾಡುವವನಂತೆ!

ಬ್ಯಾಂಕಿನವರು ಕೈ ಚೆಲ್ಲಿದರು. ದುಡ್ಡು ನೀವೇ ಕಳಿಸಿದ್ದು, ವಾಪಸ್ ತರಿಸಕ್ಕಾಗಲ್ಲ ಅಂದರು.

ಯಾರಾದರೂ ಮಾಡಿಸುವುದಿದ್ದರೆ ಕ್ರೆಡಿಟ್ ಕಾರ್ಡಲ್ಲೇ ಕೊಡಿ, ಚಾರ್ಜ್ ಬಿದ್ದರೂ ಸರಿ. ಕತ್ತರಿಸುವ ಮುಂಚೆ ಅದೇ ತೊಗಲಿನ ಒಂದು ತುಂಡು ಅಂಚೆಯಲ್ಲಿ ತರಿಸಿಕೊಳ್ಳಿ. ಕೊಡಲ್ಲ ಅಂದವನ ಹತ್ತಿರ ಮಾತೇ ಬೇಡ. ಸಿಹಿಯಾಗಿ ಮ್ಯಾಮ್ ಮ್ಯಾಮ್ ಅನ್ನುವವನ ಹತ್ತಿರವಂತೂ ಬೇಡವೇ ಬೇಡ.

ನಿನ್ನೆ ಅವನಿಂದ ಇನ್ನೊಂದು ಮೆಸೇಜ್. ಮುಂದಿನ ಆರ್ಡರ್‌ಗೆ 10% ಡಿಸ್ಕೌಂಟ್ ಅಂತೆ. ನಾನು ಉತ್ತರ ಕೊಟ್ಟಿಲ್ಲ. ಹ್ಯೂಸ್ಟನ್ ಹತ್ತಿರ ಚಾಪ್ಸ್ ಕೂಡ ಮಾಡಿಕೊಡುವ ನಂಬಿಕಸ್ತ ಸ್ಯಾಡಲ್ ಮೇಕರ್ ಯಾರಾದರೂ ಗೊತ್ತಿದ್ದರೆ ಹೇಳಿ, ಈ ಸಲ ಮಗಳನ್ನೇ ಕರೆದುಕೊಂಡು ಹೋಗುತ್ತೇನೆ.