ಮದರ್‌ಬೋರ್ಡ್ ಜೋಡಣೆ: ಎಸ್.ಪಿ. ರಸ್ತೆಯ ಒಂದು ಅಂಗಡಿಯ ಕೆಲಸ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳು ಸಾಲುಸಾಲಾಗಿವೆ. ಆದರೆ ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಫಲಕವಾದ ಮದರ್‌ಬೋರ್ಡನ್ನು ಗ್ರಾಹಕರ ಕಣ್ಣೆದುರಿಗೇ ಕ್ಯಾಬಿನೆಟ್ಟಿಗೆ ಕೂರಿಸಿಕೊಡುವ ಈ ಚಿಕ್ಕ ಅಂಗಡಿಯ ಕೆಲಸ ನನಗೆ ಬಹಳ ಹಿಡಿಸಿತು.

ನನ್ನದು 244 ಮಿ.ಮೀ. ಚೌಕದ, ಮೈಕ್ರೋ ಎಟಿಎಕ್ಸ್ ಎಂಬ ಚಿಕ್ಕ ಅಳತೆಯ ಬೋರ್ಡು, ಕ್ಯಾಬಿನೆಟ್ ಮಾತ್ರ ಅದಕ್ಕಿಂತ ದೊಡ್ಡದಾದ ಪೂರ್ಣ ಎಟಿಎಕ್ಸ್ ಅಳತೆಯದು. ಇಂಥ ಜೋಡಿಯಲ್ಲಿ ಬೋರ್ಡಿನ ರಂಧ್ರಗಳಿಗೆ ಹೊಂದದ ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಕ್ಯಾಬಿನೆಟ್ಟಿನ ತಗಡಿನಿಂದ ಎತ್ತಿ ಹಿಡಿಯುವ ಗಿಡ್ಡ ಕಂಬ) ಒಂದೇ ಒಂದು ಕೆಳಗೆ ಉಳಿದರೂ, ಅದು ಹಿಂಬದಿಯ ಬೆಸುಗೆಗೆ ತಗುಲಿ ಶಾರ್ಟ್ ಆಗುವ ಅಪಾಯವಿರುತ್ತದೆ. ಇಲ್ಲಿನ ತಂತ್ರಜ್ಞರು ಮೊದಲು ರಂಧ್ರಗಳನ್ನು ಹೋಲಿಸಿ ನೋಡಿ, ಹೆಚ್ಚಾಗಿದ್ದವನ್ನು ಬಿಚ್ಚಿ ತೆಗೆದರು. ಐ/ಓ ಶೀಲ್ಡನ್ನು (ಬೋರ್ಡಿನ ಹಿಂಬದಿಯ ಕಿಂಡಿಗಳ ಸುತ್ತ ಕೂರುವ ತಗಡು) ನಾಲ್ಕೂ ಮೂಲೆಗಳಲ್ಲಿ ಒತ್ತಿ ಕೂರಿಸಿ, ಅದರ ತಗಡಿನ ನಾಲಿಗೆಗಳು ಯುಎಸ್‌ಬಿ, ಲ್ಯಾನ್ ಕಿಂಡಿಗಳೊಳಗೆ ಮಡಚಿಕೊಳ್ಳದಂತೆ ಬೋರ್ಡನ್ನು ಓರೆಯಾಗಿ ಇಳಿಸಿದರು. ಎಲ್ಲ ಸ್ಕ್ರೂಗಳನ್ನು ಸಡಿಲವಾಗಿ ಹಾಕಿದ ಮೇಲೆಯೇ ಒಂದೊಂದನ್ನಾಗಿ ಬಿಗಿಗೊಳಿಸಿದರು. ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ 8 ಪಿನ್ನಿನ ಕೇಬಲ್ಲನ್ನು ಮೊದಲೇ ಮೇಲ್ಮೂಲೆಯ ಕಿಂಡಿಯಿಂದ ಎಳೆದಿಟ್ಟಿದ್ದರು; ಪ್ರೊಸೆಸರನ್ನು ತಣಿಸುವ ಕೂಲರ್ ದೊಡ್ಡದಿದ್ದರೆ ಆಮೇಲೆ ಅಲ್ಲಿಗೆ ಕೈಯೇ ಹೋಗುವುದಿಲ್ಲ. ಇಷ್ಟು ಶ್ರದ್ಧೆಯ ಕೆಲಸ ನಿಜಕ್ಕೂ ಅಪರೂಪ.

ಒಂದು ಕೊರತೆಯನ್ನೂ ಹೇಳಬೇಕು. ಮುಂಭಾಗದ ಸ್ವಿಚ್ ಮತ್ತು ಎಲ್‌ಇಡಿ ತಂತಿಗಳನ್ನು ಕೈಪಿಡಿ ನೋಡದೆ, ನೆನಪಿನಿಂದಲೇ ಸಿಕ್ಕಿಸಿದರು. ಸ್ವಿಚ್ಚಿನ ತಂತಿ ತಿರುಗಿದರೂ ನಡೆಯುತ್ತದೆ, ಎಲ್‌ಇಡಿಗೆ ಪ್ಲಸ್ ಮೈನಸ್ ಸರಿಯಿರಲೇಬೇಕು. ಅದು ತಿರುಗಿದ್ದರಿಂದ ಪವರ್ ದೀಪ ಉರಿಯಲಿಲ್ಲ. ತಿಳಿಸಿದೊಡನೆ ಬೇಸರಿಸದೆ ಸರಿಪಡಿಸಿದರು.

ಬಿಡಿಭಾಗಗಳನ್ನು ಬೇರೆಡೆ ಕೊಂಡಿದ್ದರೂ ಇವರು ಜೋಡಿಸಿಕೊಡುತ್ತಾರೆ, ಮೊದಲು ಹೇಳಿದ ಕೂಲಿಗಿಂತ ಹೆಚ್ಚು ಕೇಳುವುದಿಲ್ಲ. ಹೋಗುವವರು ಬೋರ್ಡಿನ ಕೈಪಿಡಿಯನ್ನು ತಪ್ಪದೆ ಜೊತೆಗೆ ಒಯ್ಯಬೇಕು.